ಹಳೆ ಕಾರಿನ ಕೀ ಸ್ವಿಚ್ ಮತ್ತು ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಅಪ್ಪ ಓಡಿಸುತ್ತಿದ್ದ ಪದ್ಮಿನಿ, ಅಂದರೆ ಫಿಯೆಟ್ ಮಾದರಿಯ ಕಾರು ಇದೆ, ಚಿತ್ರದುರ್ಗದಲ್ಲಿ ಚಿಕ್ಕಪ್ಪನ ಹತ್ತಿರ ಅದಕ್ಕಿಂತ ಹಳೆಯ ಅಂಬಾಸಿಡರ್ ಇದೆ. ಎರಡರ ವೈರಿಂಗನ್ನೂ ಬಿಚ್ಚಿ, ಎರಡು ಸಲ ಹೊಗೆ ಎಬ್ಬಿಸಿ, ಪಿ.ಬಿ. ರಸ್ತೆ ಕಡೆಯ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಕಲಿತದ್ದು ಇಷ್ಟು. ಗಾಡಿ ಇರುವವರು ಮತ್ತೆ ಮತ್ತೆ ಇದನ್ನೇ ಕೇಳುತ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕೀ ತಿರುಗಿಸಿದರೆ ಒಂದೊಂದು ಸಲ ಸ್ಟಾರ್ಟ್ ಆಗುತ್ತದೆ, ಒಂದೊಂದು ಸಲ ಸತ್ತ ಹಾಗೆ ಇರುತ್ತದೆ. ಸ್ವಿಚ್ ಹೋಗಿದೆ ಅಲ್ವಾ?

ಇರಬಹುದು. ಆದರೆ ನಾನು ನೋಡಿದ ಗಾಡಿಗಳಲ್ಲಿ ಸ್ವಿಚ್ಚೇ ಕಾರಣ ಆಗಿದ್ದು ಕಡಿಮೆ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿ, ಇಂಜಿನ್‌ನಿಂದ ಗಾಡಿಯ ಬಾಡಿ ಲೋಹಕ್ಕೆ ಬರುವ ಅರ್ಥ್ ಪಟ್ಟಿ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಸ್ವಿಚ್ ಹಿಂದಿನ ಸಡಿಲ ಸ್ಕ್ರೂ, ಫ್ಯೂಸ್ ಕೂರುವ ಕ್ಲಿಪ್, ಈ ನಾಲ್ಕನ್ನು ನೋಡಿದ ಮೇಲೆ ಸ್ವಿಚ್ಚಿಗೆ ಬನ್ನಿ.

ನಮ್ಮದೇ ಕಥೆ ಕೇಳಿ. ಒಂದು ಸಲ ದುರ್ಗಕ್ಕೆ ಹೊರಟವರು ಭರಮಸಾಗರದ ಹತ್ತಿರ ಟೀ ಕುಡಿಯಲು ನಿಲ್ಲಿಸಿದೆವು. ವಾಪಸ್ ಬಂದು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಲೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡಿದೆವು. ದುರ್ಗದಲ್ಲಿ ಒಬ್ಬರು ನೋಡಿ ಸ್ವಿಚ್ ಬದಲಿಸಿದರು, ಕಾಸು ಕೊಟ್ಟೆವು, ವಾಪಸ್ ಬರುವಾಗ ಆನಗೋಡಿನಲ್ಲಿ ಮತ್ತೆ ಅದೇ ರಾಮಾಯಣ. ಕೊನೆಗೆ ಸಿಕ್ಕಿದ್ದೇನು ಅಂದರೆ, ಗೇರ್‌ಬಾಕ್ಸ್ ಹತ್ತಿರದ ಅರ್ಥ್ ಪಟ್ಟಿ ಅರ್ಧಕ್ಕಿಂತ ಜಾಸ್ತಿ ಎಳೆ ಕಿತ್ತು ನಾಲ್ಕೈದು ಎಳೆಯಲ್ಲಿ ನೇತಾಡುತ್ತಿತ್ತು. ತಣ್ಣಗಿದ್ದಾಗ ಹೇಗೋ ನಡೆಯುತ್ತಿತ್ತು, ಬಿಸಿಯಾದರೆ ಕೈಕೊಡುತ್ತಿತ್ತು.

ಹಾಗಾದರೆ ಸ್ವಿಚ್ ಕೆಟ್ಟಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಅಳೆದು. ಒಂದು ಸಾಧಾರಣ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಟ್ಟುಕೊಳ್ಳಿ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಕಾಯಿಲ್‌ಗೆ (ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್) ಸ್ವಿಚ್‌ನಿಂದ ಬರುವ ವೈರ್ ಸೇರುವ ಜಾಗಕ್ಕೆ ಇಟ್ಟು ಕೀ ಆನ್ ಮಾಡಿ. ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅನ್ನುವುದನ್ನು ಮೀಟರ್ ನೇರವಾಗಿ ತೋರಿಸುತ್ತದೆ. ಅರ್ಧ ವೋಲ್ಟ್ ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಒಂದು, ಒಂದೂವರೆ ಅಂತ ತೋರಿಸಿದರೆ ದಾರಿಯನ್ನು ತುಂಡು ತುಂಡಾಗಿ ಅಳೆಯಿರಿ: ಬ್ಯಾಟರಿಯಿಂದ ಸ್ವಿಚ್ಚಿನ ಒಳಬದಿಗೆ, ಸ್ವಿಚ್ಚಿನ ಒಳಬದಿಯಿಂದ ಹೊರಬದಿಗೆ, ಅಲ್ಲಿಂದ ಕಾಯಿಲ್‌ಗೆ. ಸ್ವಿಚ್ಚಿನ ಎರಡು ಬದಿಯ ನಡುವೆಯೇ 0.2 ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಸ್ವಿಚ್ ಮೇಲೆ ಕೈ ಹಾಕಿ. ಕಾಯಿಲ್‌ಗೆ ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯಲ್ಲಿ ಅದರ ಸ್ವಿಚ್ ಬದಿಯವರೆಗೆ ಮಾತ್ರ ಅಳೆಯಬೇಕು, ಅದನ್ನು ದಾಟಿ ಅಳೆದರೆ ಗಾಬರಿ ಆಗುವಷ್ಟು ತೋರಿಸುತ್ತದೆ, ಅದು ಇರುವುದೇ ವೋಲ್ಟೇಜ್ ಇಳಿಸಲು.

ಇಲ್ಲಿ ಒಂದು ಮೋಸ ಇದೆ, ನಾನು ಎರಡು ದಿನ ಇದರಲ್ಲೇ ಕಳೆದೆ. ಡೆಲ್ಕೋ (ಡಿಸ್ಟ್ರಿಬ್ಯೂಟರ್) ಒಳಗಿನ ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟನ್ನು ಕಡಿದು ಸೇರಿಸುವ ಸಣ್ಣ ಸ್ವಿಚ್, ತೆರೆದು ನಿಂತಿದ್ದರೆ ಕಾಯಿಲ್‌ನಲ್ಲಿ ಕರೆಂಟೇ ಹರಿಯುವುದಿಲ್ಲ. ಕರೆಂಟ್ ಹರಿಯದಿದ್ದರೆ ಎಷ್ಟೇ ಕೆಟ್ಟ ಸ್ವಿಚ್ ಆದರೂ ಮೀಟರ್ ಸೊನ್ನೆ ತೋರಿಸುತ್ತದೆ. ಆದ್ದರಿಂದ ಇಂಜಿನ್ ಸ್ವಲ್ಪ ತಿರುಗಿಸಿ ಪಾಯಿಂಟ್ ಮುಚ್ಚಿಕೊಳ್ಳುವಂತೆ ಮಾಡಿ, ಇಲ್ಲವೇ ಕಾಯಿಲ್‌ನ ಡೆಲ್ಕೋ ಬದಿಯ ಟರ್ಮಿನಲ್ಲನ್ನು ಒಂದು ತುಂಡು ವೈರ್‌ನಿಂದ ಬಾಡಿಗೆ ಮುಟ್ಟಿಸಿಕೊಂಡು ಅಳೆಯಿರಿ. ಬೇಗ ಮುಗಿಸಿ, ಕಾಯಿಲ್ ಬಿಸಿಯಾಗುತ್ತದೆ.

ಟೆಸ್ಟ್ ಲ್ಯಾಂಪ್ ಸಾಕಾಗಲ್ವಾ?

ಕರೆಂಟ್ ಇದೆಯೋ ಇಲ್ಲವೋ ಅನ್ನುವುದಕ್ಕೆ ಸಾಕು. ಎಷ್ಟು ಕಳೆದುಹೋಗಿದೆ ಅನ್ನುವುದಕ್ಕೆ ಸಾಲದು. 12 ವೋಲ್ಟ್‌ಗೂ ಹತ್ತೂವರೆಗೂ ಬಲ್ಬಿನ ಬೆಳಕಿನ ವ್ಯತ್ಯಾಸ ಬಿಸಿಲಲ್ಲಿ ಕಣ್ಣಿಗೆ ಗೊತ್ತಾಗುವುದಿಲ್ಲ, ನಮ್ಮ ಬಿಸಿಲಲ್ಲಂತೂ ಇಲ್ಲವೇ ಇಲ್ಲ.

ಡೈನಮೋ ಹೊಸದಾಗಿ ಸುತ್ತಿಸಿದ ಮೇಲೂ ರಾತ್ರಿ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಮಂಕಾಗಿ ಉರಿಯುತ್ತದೆ. ಯಾಕೆ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಆ ಕೆಂಪು ದೀಪದ ಒಂದು ಕಾಲು ಕೀ ಸ್ವಿಚ್ಚಿನ ಹೊರಬದಿಗೆ ಇರುತ್ತದೆ, ಇನ್ನೊಂದು ಡೈನಮೋಗೆ. ಎರಡೂ ಕಡೆ ವೋಲ್ಟೇಜ್ ಒಂದೇ ಆದಾಗ ದೀಪ ಆರುತ್ತದೆ. ಸ್ವಿಚ್ಚಿನಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತಿದ್ದರೆ ಎರಡು ಕಡೆ ಸಮ ಆಗುವುದೇ ಇಲ್ಲ, ದೀಪ ಕೆಂಡದ ಹಾಗೆ ಮಿಣಮಿಣ ಅನ್ನುತ್ತದೆ. ಹಗಲಲ್ಲಿ ಕಾಣುವುದಿಲ್ಲ. ಪಾಪ, ಡೈನಮೋದ್ದು ತಪ್ಪೇ ಇರುವುದಿಲ್ಲ, ಅದನ್ನು ಬಿಚ್ಚಿ ಸುತ್ತಿಸಿರುತ್ತಾರೆ.

ಸ್ವಿಚ್ ಯಾಕೆ ಇಷ್ಟು ಬೇಗ ಸುಟ್ಟುಹೋಗುತ್ತದೆ? ಎರಡು ವರ್ಷದಲ್ಲಿ ಮೂರನೆಯದು.

ಬೈಯುವುದು ಸ್ವಿಚ್ಚನ್ನು, ಆದರೆ ಅದರ ತಲೆಯ ಮೇಲೆ ಹೊರಿಸಿದ್ದನ್ನು ನೋಡಿ. ಈ ಗಾಡಿಗಳು ಕಾರ್ಖಾನೆಯಿಂದ ಬಂದಾಗ ಕೀ ಸ್ವಿಚ್ ಹೊರುತ್ತಿದ್ದದ್ದು ಕಾಯಿಲ್, ಒಂದೆರಡು ಮೀಟರ್, ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್ ಇಷ್ಟನ್ನು. ಬ್ಯಾಲಸ್ಟ್ ಇಲ್ಲದ ಕಾಯಿಲ್ ಸುಮಾರು 3 ಓಮ್ ಇರುತ್ತದೆ, ಅಂದರೆ ಹೆಚ್ಚೆಂದರೆ 4 ಆಂಪಿಯರ್. ಆಮೇಲೆ ನಾವು ಸೇರಿಸಿದ್ದೇನು? ಕ್ಯಾಸೆಟ್ ಟೇಪು, ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಫ್ಯಾನು, ಜೋಡಿ ಹಾರ್ನು, ಈಗ ಮೊಬೈಲ್ ಚಾರ್ಜರ್, ಎಲ್ಲಕ್ಕಿಂತ ಮೇಲೆ ಹ್ಯಾಲೊಜೆನ್. 60/55 ವಾಟಿನ ಎರಡು ಬಲ್ಬು ಹೈ ಬೀಮ್‌ನಲ್ಲಿ 10 ಆಂಪಿಯರ್ ಎಳೆಯುತ್ತವೆ. ಕೆಲವರು 100/90 ಹಾಕಿಸುತ್ತಾರೆ, ಅವು ಹತ್ತಿರ ಹತ್ತಿರ 17 ಆಂಪಿಯರ್. ಲೈಟಿನ ಕರೆಂಟೂ ಕೀ ಮೂಲಕವೇ ಹೋಗುವ ಗಾಡಿಯಲ್ಲಿ ಅಷ್ಟೂ ಭಾರ ಆ ಬೆರಳುಗುರಿನಷ್ಟು ತಾಮ್ರದ ಮೇಲೆ.

ಲೆಕ್ಕ ಹಾಕಿ ನೋಡಿ. ಮಸಿ ಹಿಡಿದ ಸ್ವಿಚ್ಚಿನಲ್ಲಿ ಬರೀ 0.1 ಓಮ್ ಅಡ್ಡಿ ಇದೆ ಅಂದುಕೊಳ್ಳಿ. 17 ಆಂಪಿಯರ್ ಹೋದರೆ 1.7 ವೋಲ್ಟ್ ಅಲ್ಲೇ ಹೋಯಿತು, ಸುಮಾರು 29 ವಾಟ್ ಶಾಖ ಆ ಪುಟ್ಟ ಡಬ್ಬಿಯೊಳಗೆ ಹುಟ್ಟಿತು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯೇ 25 ವಾಟ್ ಇರುತ್ತದೆ! ಸ್ವಿಚ್ಚಿನ ಪ್ಲಾಸ್ಟಿಕ್ ಕರಗದೆ ಇನ್ನೇನು ಮಾಡೀತು? ಹೊಸ ಸ್ವಿಚ್ ಹಾಕಿದರೂ ಭಾರ ಅದೇ ಇದ್ದರೆ ಅದರ ಗತಿಯೂ ಅದೇ.

ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಡಬ್ಬಿ. ಹೆಡ್‌ಲೈಟ್‌ಗೆ ಎರಡು, ಹಾರ್ನ್‌ಗೆ ಒಂದು. ರಿಲೇಯ 30 ನಂಬರಿನ ಟರ್ಮಿನಲ್‌ಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಬಲ್ಬಿಗೆ, ಹಳೆಯ ಲೈಟ್ ವೈರ್ 86ಕ್ಕೆ, 85 ಅರ್ಥ್‌ಗೆ. ಈಗ ಹಳೆಯ ಸ್ವಿಚ್ ಹೊರುವುದು ರಿಲೇಯ ಸಣ್ಣ ಸುರುಳಿಯನ್ನು ಮಾತ್ರ, ಅರ್ಧ ಆಂಪಿಯರ್ ಕೂಡ ಇಲ್ಲ. ಲೈಟ್ ಎಷ್ಟು ಚೆಲ್ಲುತ್ತದೆ ಅಂದರೆ, ಚಿಕ್ಕಪ್ಪ ಮೊದಲ ದಿನ ಬಲ್ಬ್ ಬದಲಿಸಿದ್ದೀಯ ಅಂತ ಜಗಳಕ್ಕೇ ಬಂದರು.

ರಿಲೇ ಹಾಕಿದರೆ ಗಾಡಿಯ ಹಳೆತನ ಹಾಳಾಗಲ್ವಾ? ವಿಂಟೇಜ್ ನೋಂದಣಿಗೆ ತೊಂದರೆ ಬರುತ್ತಾ?

50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು, ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಗಾಡಿ ಮೂಲ ರೂಪದಲ್ಲಿರಬೇಕು, ಭಾರಿ ಬದಲಾವಣೆ ಆಗಿರಬಾರದು ಅನ್ನುತ್ತದೆ ನಿಯಮ. ಭಾರಿ ಬದಲಾವಣೆ ಅಂತ ಅದು ಹೆಸರಿಸುವುದು ಚಾಸಿ, ಬಾಡಿ, ಇಂಜಿನ್. ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಕೂತ ಎರಡು ಮೂರು ರಿಲೇ ಆ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ವೈರ್ ಕತ್ತರಿಸದೆ ಹಾಕಿದರೆ ಬೇಡ ಅನಿಸಿದ ದಿನ ಬಿಚ್ಚಿಬಿಡಬಹುದು. ಒಂದು ನೆನಪಿರಲಿ, ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಮಂಡಿಪೇಟೆಗೆ ಸಾಮಾನು ತರಲು ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯೇ ವಾಸಿ.

ಸ್ವಿಚ್ ಬಿಚ್ಚಿ ಸರಿ ಮಾಡಬಹುದಾ?

ಹಳೆಯದಾದರೆ ಬಹಳಷ್ಟು ಸಲ ಆಗುತ್ತದೆ. ಮೊದಲು ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿ, ಇದನ್ನು ಮಾತ್ರ ಮರೆಯಬೇಡಿ. ಕೀ ಸ್ವಿಚ್ಚಿಗೆ ಬ್ಯಾಟರಿಯಿಂದ ಬರುವ ವೈರ್‌ಗೆ ಹಳೆ ಗಾಡಿಯಲ್ಲಿ ಫ್ಯೂಸೇ ಇರದಿರುವುದು ಸಾಮಾನ್ಯ. ಸ್ಪ್ಯಾನರ್ ಜಾರಿ ಡ್ಯಾಶ್‌ಬೋರ್ಡ್ ಲೋಹಕ್ಕೆ ತಗುಲಿದರೆ ಬೆಂಕಿಯೇ.

ಆಮೇಲೆ ಮೊಬೈಲ್‌ನಲ್ಲಿ ಹಿಂಬದಿಯ ಫೋಟೋ ತೆಗೆಯಿರಿ, ನಾಲ್ಕು ಕಡೆಯಿಂದ. ಪ್ರತಿ ವೈರ್‌ಗೂ ಕಾಗದದ ಟೇಪಿನ ಚೀಟಿ ಕಟ್ಟಿ, ಯಾವ ಟರ್ಮಿನಲ್‌ನಿಂದ ಬಂತು ಅಂತ ಬರೆಯಿರಿ. ಫಿಯೆಟ್ ಮಾದರಿಯಲ್ಲಿ ನಂಬರ್ ಅಚ್ಚಾಗಿರುತ್ತದೆ: 30 ಅಂದರೆ ಬ್ಯಾಟರಿ, 15 ಅಂದರೆ ಇಗ್ನಿಷನ್, 50 ಅಂದರೆ ಸೆಲ್ಫ್. ಮುಂದಿನ ರಿಂಗ್ ನಟ್ ಬಿಚ್ಚಿದರೆ ಸ್ವಿಚ್ ಹಿಂದಕ್ಕೆ ಬರುತ್ತದೆ.

ಹಿಂಭಾಗದ ಮುಚ್ಚಳವನ್ನು ಸಣ್ಣ ತಗಡಿನ ಹಲ್ಲುಗಳು ಹಿಡಿದಿರುತ್ತವೆ. ನಿಧಾನಕ್ಕೆ, ಎಷ್ಟು ಬೇಕೋ ಅಷ್ಟೇ ಎತ್ತಿ. ಆ ಹಲ್ಲು ಎರಡು ಮೂರು ಸಲ ಮಡಿಸಿದರೆ ಮುರಿಯುತ್ತದೆ. ಬಿಳಿ ಬಟ್ಟೆಯ ಮೇಲೆ ಬಿಚ್ಚಿ, ಯಾಕೆಂದರೆ ಒಳಗೆ ಸ್ಪ್ರಿಂಗ್ ಇದೆ, ಪುಟಿದು ಹೋದರೆ ಅದನ್ನು ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ. ಒಳಗಿನ ತಾಮ್ರದ ತಟ್ಟೆ ಮೇಲೆ ಕರಿ ಇದ್ದರೆ ಬಹಳ ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಪೆಟ್ರೋಲ್ ಬೇಡ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಯಿರಿ. ಸ್ಪ್ರಿಂಗ್ ಬಿಸಿಗೆ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದರ ಕಸುವು ಹೋಗಿದೆ ಅಂತ ಅರ್ಥ, ಬದಲಿಸಿ. ತಟ್ಟೆಯಲ್ಲಿ ಗುಂಡಿ ಬಿದ್ದಿದ್ದರೆ, ರಿವೆಟ್ ಅಲ್ಲಾಡುತ್ತಿದ್ದರೆ ಆಸೆ ಬಿಡಿ, ಹೊಸದು ತನ್ನಿ.

ಬೇರೆ ಯಾವ ಕೀ ಹಾಕಿದರೂ ನಮ್ಮ ಗಾಡಿ ತಿರುಗುತ್ತದೆ!

ಹಳೆ ಗಾಡಿಯ ಗೌರವ ಅದು. ಬೀಗದ ಒಳಗಿನ ಹಿತ್ತಾಳೆ ಎಲೆಗಳು ಸವೆದಿವೆ. ಬೀಗದ ಭಾಗ ಬೇರೆ, ಕರೆಂಟಿನ ಭಾಗ ಬೇರೆ, ಇಬ್ಬರೂ ಒಂದೇ ಡಬ್ಬಿಯಲ್ಲಿರುತ್ತಾರೆ ಅಷ್ಟೇ. ಕರೆಂಟಿನ ಭಾಗ ಚೆನ್ನಾಗಿದ್ದರೆ ಒಬ್ಬ ಒಳ್ಳೆಯ ಕೀ ಮಾಡುವವರ ಹತ್ತಿರ ಬೀಗ ಮಾತ್ರ ಸರಿ ಮಾಡಿಸಿ. ಬೀಗದೊಳಗೆ ಇಂಜಿನ್ ಆಯಿಲ್ ಬಿಡಬೇಡಿ. ನಮ್ಮ ಕಡೆಯ ಧೂಳಿಗೆ ಅದು ಅಂಟಾಗಿ ಹಿಡಿದುಕೊಳ್ಳುತ್ತದೆ, ಗ್ರಾಫೈಟ್ ಪುಡಿ ಸಾಕು.

ಬೇರೆ ಗಾಡಿಯ ಸ್ವಿಚ್ ಹಾಕಬಹುದಾ?

ರಂಧ್ರಕ್ಕೆ ಕೂತರೆ ಹಾಕಬಹುದು, ಆದರೆ ಟರ್ಮಿನಲ್ ಜಾಗ ಒಂದೇ ಇರುತ್ತದೆ ಅಂತ ನಂಬಬೇಡಿ. ಮೇಜಿನ ಮೇಲಿಟ್ಟು ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಕೀಯ ಒಂದೊಂದು ಸ್ಥಾನದಲ್ಲೂ ಯಾವುದಕ್ಕೆ ಯಾವುದು ಸೇರುತ್ತದೆ ಅಂತ ಬರೆದುಕೊಳ್ಳಿ. ಸೆಲ್ಫ್ ಹೊಡೆಯುವಾಗ ಇಗ್ನಿಷನ್ ಕಡಿದು ಹೋಗುವ ಸ್ವಿಚ್ ಬಂದರೆ ನರಕ: ಸೆಲ್ಫ್ ತಿರುಗುತ್ತದೆ, ಸ್ಪಾರ್ಕ್ ಬರುವುದಿಲ್ಲ, ಕೀ ಬಿಟ್ಟ ಕ್ಷಣ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಕೀ ಬೇರೆ, ಸ್ಟಾರ್ಟರ್ ಗುಂಡಿ ಬೇರೆ ಇರುವ ಹಳೆ ಗಾಡಿಗೆ ಎರಡೂ ಸೇರಿದ ಸ್ವಿಚ್ ಹಾಕಲು ಹೋಗಬೇಡಿ. ಆ ಗುಂಡಿ ಒತ್ತುವ ಖುಷಿಯನ್ನು ಯಾಕೆ ಕಳೆದುಕೊಳ್ಳುತ್ತೀರಿ?

ವೈರ್ ಬಣ್ಣ ಎಲ್ಲಾ ಮಾಸಿ ಒಂದೇ ಆಗಿದೆ. ಹೇಗೆ ಗುರುತು ಹಿಡಿಯುವುದು?

ಯಾವುದಾದರೂ ಕ್ಲಿಪ್ ಅಥವಾ ಟೇಪಿನ ಅಡಿ ಎರಡು ಇಂಚು ಬಿಚ್ಚಿ ನೋಡಿ, ಬೆಳಕು ಬೀಳದ ಕಡೆ ಬಣ್ಣ ಉಳಿದಿರುತ್ತದೆ. ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್‌ನಿಂದ, ಹಾಗಾಗಿ ಬ್ರಿಟಿಷ್ ಲೂಕಸ್ ಕಂಪನಿಯ ವೈರ್ ಬಣ್ಣದ ಲೆಕ್ಕ ಅದಕ್ಕೆ ಕೈದೀಪ. ಕಂದು ಅಂದರೆ ಬ್ಯಾಟರಿಯಿಂದ ನೇರ, ಯಾವಾಗಲೂ ಜೀವಂತ. ಬಿಳಿ ಅಂದರೆ ಕೀ ಆನ್ ಆದಾಗ. ಹಸಿರು ಅಂದರೆ ಕೀ ಆನ್ ಆಗಿ ಫ್ಯೂಸ್ ದಾಟಿ ಬಂದದ್ದು. ನೇರಳೆ ಯಾವಾಗಲೂ ಜೀವಂತ, ಆದರೆ ಫ್ಯೂಸ್ ಇದೆ. ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ಲೈಟ್, ಕಪ್ಪು ಅರ್ಥ್. ಫಿಯೆಟ್ ಲೆಕ್ಕ ಬೇರೆ, ಅಲ್ಲಿ ಬಣ್ಣಕ್ಕಿಂತ ಟರ್ಮಿನಲ್ ನಂಬರ್ ನಂಬಿ. ಇನ್ನೊಂದು, ಮಧ್ಯದಲ್ಲಿ ಯಾರೋ ಕೈಗೆ ಸಿಕ್ಕ ವೈರ್ ಸೇರಿಸಿರುತ್ತಾರೆ. ನಮ್ಮ ಪದ್ಮಿನಿಯಲ್ಲಿ ಹಿಂದಿನ ದೀಪಕ್ಕೆ ಮನೆ ವೈರಿಂಗಿನ ಗಟ್ಟಿ ಒಂಟಿ ತಂತಿ ಎಳೆದಿದ್ದರು. ಗಾಡಿ ಅದುರಿದ ಹಾಗೆಲ್ಲ ಅದು ಒಳಗೇ ತುಂಡಾಗುತ್ತದೆ, ಹೊರಗಿನಿಂದ ಚೆನ್ನಾಗೇ ಕಾಣುತ್ತದೆ.

ಪೂರ್ತಿ ವೈರಿಂಗ್ ಬದಲಿಸಬೇಕಾ?

ವೈರ್ ಮಡಿಸಿದರೆ ಮೇಲಿನ ಕವಚ ಹಪ್ಪಳದ ಹಾಗೆ ಮುರಿದರೆ, ಹೌದು. ಬಟ್ಟೆ ಸುತ್ತಿದ ರಬ್ಬರ್ ವೈರ್ ಇರುವ ಬಹಳ ಹಳೆಯ ಗಾಡಿಯಾದರೂ ಹೌದು, ಆ ರಬ್ಬರ್ ಈಗ ಪುಡಿ. ತುದಿ ಸುಲಿದಾಗ ತಾಮ್ರ ಕಪ್ಪಾಗಿಯೋ ಹಸಿರಾಗಿಯೋ ಇದ್ದು, ಇನ್ನೂ ಒಂದೆರಡು ಇಂಚು ಸುಲಿದರೂ ಹಾಗೇ ಇದ್ದರೆ ಆ ವೈರ್ ಮುಗಿಯಿತು. ಬೆಸುಗೆ ಅದಕ್ಕೆ ಅಂಟುವುದೇ ಇಲ್ಲ.

ಇಲ್ಲದಿದ್ದರೆ ಒಂದು ಸಲಕ್ಕೆ ಒಂದು ವೈರ್ ಬದಲಿಸಿ. ಒಂದನ್ನು ಬಿಚ್ಚಿ, ಅಷ್ಟೇ ಉದ್ದದ್ದು ಹಾಕಿ, ಆನ್ ಮಾಡಿ ನೋಡಿ, ಆಮೇಲೆ ಮುಂದಿನದು. ಎಲ್ಲಾ ಕಿತ್ತು ಗುಡ್ಡೆ ಹಾಕಿದರೆ ಬ್ರಹ್ಮನಿಗೂ ಜೋಡಿಸಲು ಆಗುವುದಿಲ್ಲ. ಒಬ್ಬರು ಮೆಕ್ಯಾನಿಕ್ ಚಿಕ್ಕಪ್ಪನ ಅಂಬಾಸಿಡರ್ ಹಾರ್ನೆಸ್ಸನ್ನು (ವೈರ್‌ಗಳ ಕಟ್ಟು) ಡ್ಯಾಶ್‌ಬೋರ್ಡ್ ಹತ್ತಿರ ಇಕ್ಕಳದಿಂದ ಕಟ್ ಅಂತ ಕತ್ತರಿಸಿ "ನಾಳೆ ಹೊಸದು ಹಾಕ್ತೀನಿ ಸಾರ್" ಅಂದರು. ಆ ನಾಳೆ ಬರಲು ಏಳು ತಿಂಗಳು ಹಿಡಿಯಿತು, ಬಂದಾಗ ವೈಪರ್ ಸ್ವಿಚ್ ಒತ್ತಿದರೆ ಹಾರ್ನ್ ಹೊಡೆಯುತ್ತಿತ್ತು.

ಯಾವ ದಪ್ಪದ ವೈರ್?

ಅಂಗಡಿಯಲ್ಲಿ ಎಳೆ ಲೆಕ್ಕದಲ್ಲಿ ಕೇಳಿ. 0.30 ಮಿಲಿಮೀಟರಿನ 14 ಎಳೆ ಅಂದರೆ 1 ಚದರ ಮಿಲಿಮೀಟರ್, ಸುಮಾರು 8 ಆಂಪಿಯರ್‌ವರೆಗೆ, ಸಣ್ಣ ದೀಪಗಳಿಗೆ, ಇಂಡಿಕೇಟರಿಗೆ. 28 ಎಳೆ ಅಂದರೆ 2 ಚದರ ಮಿಲಿಮೀಟರ್, 17 ಆಂಪಿಯರ್, ಹೆಡ್‌ಲೈಟ್ ಮತ್ತು ಹಾರ್ನ್‌ಗೆ. 44 ಎಳೆ 3 ಚದರ ಮಿಲಿಮೀಟರ್, ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ಮುಖ್ಯ ವೈರ್‌ಗೆ. ಸಂದೇಹ ಬಂದರೆ ಒಂದು ಮೆಟ್ಟಿಲು ದಪ್ಪದ್ದೇ ತಗೊಳ್ಳಿ.

ಜೋಡಣೆ ಬಗ್ಗೆ ಜಗಳ ಬೇಡ. ಒಳ್ಳೆಯ ಇಕ್ಕಳದಿಂದ ಒತ್ತಿದ ಲಗ್ ಆದರೂ ಸರಿ, ಬೆಸುಗೆ ಹಾಕಿ ಸ್ಲೀವ್ ಏರಿಸಿದರೂ ಸರಿ. ಎರಡು ವೈರ್ ಹೊಸೆದು ಕರಿ ಟೇಪ್ ಸುತ್ತುವುದು ಮಾತ್ರ ಬೇಡ. ಏಪ್ರಿಲ್ ಬಿಸಿಲಿಗೆ ಆ ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಇಳಿದು, ಟೇಪ್ ತಾನಾಗೇ ಬಿಚ್ಚಿಕೊಳ್ಳುತ್ತದೆ. ವೈರ್‌ಗಳ ಕಟ್ಟು ಸುತ್ತಲು ಅಂಟಿಲ್ಲದ ಹಾರ್ನೆಸ್ ಟೇಪ್ ಬಳಸಿ.

ಫ್ಯೂಸ್ ಪದೇ ಪದೇ ಹೋಗುತ್ತದೆ, ದೊಡ್ಡದು ಹಾಕಲಾ?

ಬೇಡ. ಸಿಗರೇಟಿನ ಬೆಳ್ಳಿ ಕಾಗದ ಅಂತೂ ಖಂಡಿತ ಬೇಡ. ಫಿಯೆಟ್ ಬಗೆಯ ಉದ್ದನೆಯ ಫ್ಯೂಸ್‌ನಲ್ಲಿ ಬಿಳಿ 8 ಆಂಪಿಯರ್, ಕೆಂಪು 16. ಬಿಳಿ ಇದ್ದ ಕಡೆ ಕೆಂಪು ಹಾಕಿದರೆ ಫ್ಯೂಸ್ ಬದಲು ವೈರ್ ಉರಿಯುತ್ತದೆ. ಬ್ರಿಟಿಷ್ ಗಾಜಿನ ಫ್ಯೂಸ್‌ನಲ್ಲಿ 35 ಅಂತ ಬರೆದಿದ್ದರೆ ಅದು ಸುಡುವ ಅಳತೆ, ಸದಾ ಹೊರುವುದು ಅದರ ಅರ್ಧ. ಹಾಗಾಗಿ ಅದರ ಜಾಗಕ್ಕೆ ಇಂದಿನ 35ರ ಫ್ಯೂಸ್ ಹಾಕಿದರೆ ತಪ್ಪು, 15 ಇಲ್ಲವೇ 20 ಸಾಕು.

ಪಾಸಿಟಿವ್ ಅರ್ಥ್ ಅಂತಾರಲ್ಲ, ಅದೇನು?

ಹಳೆಯ ಬ್ರಿಟಿಷ್ ಗಾಡಿಗಳಲ್ಲಿ, ಉದಾಹರಣೆಗೆ ಮಾರಿಸ್ ಮೈನರ್‌ನಲ್ಲಿ, ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ. ಗೊತ್ತಿಲ್ಲದೆ ಮಾಮೂಲಿಯಂತೆ ಬ್ಯಾಟರಿ ಕೂರಿಸಿದರೆ ಕಷ್ಟ. ಕೇಬಲ್ ನೋಡಿ, ಬ್ಯಾಟರಿ ತಟ್ಟೆ ಹತ್ತಿರದ ಬರಹ ನೋಡಿ, ಆಮೇಲೆ ಜೋಡಿಸಿ. ಮೇಲೆ ಹೇಳಿದ ಮೀಟರ್ ಕಡ್ಡಿಗಳನ್ನೂ ಅದಲು ಬದಲು ಮಾಡಿಕೊಳ್ಳಬೇಕು: ಕಪ್ಪು ಬ್ಯಾಟರಿಯ ಮೈನಸ್‌ಗೆ, ಕೆಂಪು ಕಾಯಿಲ್ ಕಡೆಗೆ. ನೆಗೆಟಿವ್ ಅರ್ಥ್‌ಗೆ ಬದಲಿಸುವುದು ದೊಡ್ಡ ಕೆಲಸ ಅಲ್ಲ: ಬ್ಯಾಟರಿ ತಿರುಗಿಸಿ, ಕಾಯಿಲ್‌ನ ಎರಡು ಸಣ್ಣ ವೈರ್ ಅದಲು ಬದಲು, ಆಂಪಿಯರ್ ಮೀಟರ್‌ದೂ ಹಾಗೇ. ಡೈನಮೋದ ಎಫ್ ಟರ್ಮಿನಲ್ ವೈರ್ ಬಿಚ್ಚಿ ಅಲ್ಲಿಗೆ ಬ್ಯಾಟರಿಯ ಪ್ಲಸ್‌ನಿಂದ ಎರಡು ಮೂರು ಸಲ ಚಟ್ ಚಟ್ ಅಂತ ಮುಟ್ಟಿಸಬೇಕು, ಅದರ ಕಬ್ಬಿಣಕ್ಕೆ ಹೊಸ ದಿಕ್ಕು ನೆನಪಾಗಲು. ಸೆಲ್ಫ್ ಮೋಟರ್‌ಗೆ ಏನೂ ವ್ಯತ್ಯಾಸ ಇಲ್ಲ.

ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲುವುದಿಲ್ಲ. ಸ್ವಿಚ್ ಅಂಟಿಕೊಂಡಿದೆಯಾ?

ಗಡಗಡ ಒದ್ದಾಡಿ ನಾಲ್ಕೈದು ಸುತ್ತು ತಿರುಗಿ ನಿಂತರೆ ಅದು ವೈರಿಂಗ್ ಅಲ್ಲ, ಇಂಜಿನ್ ಒಳಗಿನ ಮಸಿ ಕೆಂಪಾಗಿ ಪೆಟ್ರೋಲ್‌ಗೆ ಬೆಂಕಿ ಹಚ್ಚುತ್ತಿದೆ. ಏನೂ ಆಗಿಲ್ಲ ಎಂಬಂತೆ ನಯವಾಗಿ ಓಡುತ್ತಲೇ ಇದ್ದರೆ ಕಾಯಿಲ್‌ಗೆ ಎಲ್ಲಿಂದಲೋ ಕರೆಂಟ್ ಹೋಗುತ್ತಿದೆ. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ ಗಾಡಿಗಳಲ್ಲಿ ಚಾರ್ಜಿಂಗ್ ದೀಪದ ವೈರ್ ಮೂಲಕ ಹಿಂದಕ್ಕೆ ಹರಿಯುವುದುಂಟು, ಆ ವೈರ್‌ಗೆ ಒಂದು ಡಯೋಡ್ ಹಾಕಿದರೆ ನಿಲ್ಲುತ್ತದೆ.

ಕೀ ಆನ್ ಇಟ್ಟು ಹಾಡು ಕೇಳಬಹುದಾ?

ಬೇಡ. ಪಾಯಿಂಟ್ ಮುಚ್ಚಿ ನಿಂತಿದ್ದರೆ ಕಾಯಿಲ್ ಬೇಯುತ್ತದೆ.

ಇಲಿ ಕಾಟಕ್ಕೆ ಏನು ಮಾಡುವುದು?

ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಇರುವ ಊರಿನಲ್ಲಿ ಇಲಿ ಇಲ್ಲದಿರಲು ಸಾಧ್ಯವೇ? ಗುಳಿಗೆ, ಹೊಗೆಸೊಪ್ಪು ಎಲ್ಲಾ ಮಾಡಿ ನೋಡಿದೆ, ವಾರಕ್ಕೆ ಮೇಲೆ ನಡೆಯಲಿಲ್ಲ. ನಡೆದದ್ದು ಎರಡೇ: ಶೆಡ್ಡಿನಲ್ಲಿ ಬಾನೆಟ್ ತೆರೆದಿಡುವುದು, ಇಲಿಗೆ ಬೆಳಕಿನಲ್ಲಿ ಗೂಡು ಕಟ್ಟಲು ಇಷ್ಟ ಇಲ್ಲ. ಮತ್ತು ಬಾನೆಟ್‌ನಿಂದ ಡ್ಯಾಶ್‌ಬೋರ್ಡಿಗೆ ವೈರ್ ಹೋಗುವ ತೂತುಗಳಿಗೆ ಹೊಸ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕುವುದು. ಗ್ರೊಮೆಟ್ ಇಲ್ಲದಿದ್ದರೆ ಇಲಿ ಬರದಿದ್ದರೂ ತಗಡೇ ವೈರನ್ನು ಕೊಯ್ಯುತ್ತದೆ.

ಸಾಮಾನು ಇಲ್ಲೇ ಸಿಗುತ್ತಾ?

ವೈರ್, ಲಗ್, ರಿಲೇ, ಫ್ಯೂಸ್ ಎಲ್ಲಾ ದಾವಣಗೆರೆಯಲ್ಲೂ ದುರ್ಗದಲ್ಲೂ ಸಿಗುತ್ತದೆ. ಹಳೆ ಸ್ವಿಚ್ಚಿಗೆ ಮೊದಲು ಗುಜರಿ ಅಂಗಡಿ ಸುತ್ತಿ, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ. ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಾಯಲ್ಲಿ ವಿವರಿಸಿ ತಂದದ್ದು ಯಾವತ್ತೂ ಕೂರುವುದಿಲ್ಲ.

ವರ್ಷಗಟ್ಟಲೆ ನಿಂತ ಗಾಡಿಗೆ ಮೊದಲ ಸಲ ಬ್ಯಾಟರಿ ಕೊಡುವುದು ಹೇಗೆ? ಭಯ ಆಗುತ್ತದೆ.

ಭಯ ಪಡಬೇಕಾದ್ದೇ. ಬ್ಯಾಟರಿಯ ಅರ್ಥ್ ಕೇಬಲ್ ನೇರ ಹಾಕಬೇಡಿ. ಕೇಬಲ್‌ಗೂ ಬ್ಯಾಟರಿಗೂ ನಡುವೆ 21 ವಾಟಿನ ಒಂದು ಬ್ರೇಕ್ ಲೈಟ್ ಬಲ್ಬ್ ಹೋಲ್ಡರ್ ಸಮೇತ ಸೇರಿಸಿ. ಎಲ್ಲಾದರೂ ಶಾರ್ಟ್ ಇದ್ದರೆ ಆ ಬಲ್ಬ್ ಜೋರಾಗಿ ಉರಿಯುತ್ತದೆ, ಎರಡು ಆಂಪಿಯರ್‌ಗಿಂತ ಜಾಸ್ತಿ ಹೋಗಲು ಅದು ಬಿಡುವುದಿಲ್ಲ, ವೈರ್ ಸುಡುವುದಿಲ್ಲ. ಕೀ ಆಫ್ ಇದ್ದಾಗ ಬಲ್ಬ್ ಆರಿರಬೇಕು. ಉರಿದರೆ ಕಟ್ಟಿನಿಂದ ಒಂದೊಂದೇ ವೈರ್ ಕಳಚುತ್ತಾ ಬನ್ನಿ, ಯಾವುದು ಕಳಚಿದಾಗ ಬಲ್ಬ್ ಆರುತ್ತದೋ ಅದೇ ಕಳ್ಳ. ಕೀ ಆನ್ ಮಾಡಿದಾಗ ಉರಿದರೆ ಗಾಬರಿ ಬೇಡ, ಕಾಯಿಲ್ ಎಳೆಯುತ್ತಿರುತ್ತದೆ. ಈ ಬಲ್ಬ್ ಇಟ್ಟುಕೊಂಡು ಸೆಲ್ಫ್ ಹೊಡೆಯಲು ಆಗುವುದಿಲ್ಲ, ಎಲ್ಲಾ ಸರಿ ಕಂಡ ಮೇಲೆ ತೆಗೆದು ಕೇಬಲ್ ಬಿಗಿ ಮಾಡಿ. ಆಗಲೂ 10 ನಂಬರ್ ಸ್ಪ್ಯಾನರನ್ನೋ, ನಿಮ್ಮ ಟರ್ಮಿನಲ್‌ಗೆ ಯಾವುದು ಕೂರುತ್ತದೋ ಅದನ್ನೋ, ಏನಾದರೂ ಆದರೆ ತಕ್ಷಣ ಕೇಬಲ್ ಬಿಚ್ಚಲು, ಕೈಯಲ್ಲೇ ಹಿಡಿದುಕೊಂಡು, ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ.